ಬಾಗಿಲಿಗೆ ಬರುವ ಬಿಳಿ ಅಂಗಿಯ ಹುಡುಗರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಬರುವ ಕನ್ನಡದವರು ಇಲ್ಲಿ ಆಗಾಗ ಸಿಗುತ್ತಾರೆ. ಹೊಸದಾಗಿ ಬಂದವರು ಮೊದಲ ತಿಂಗಳಲ್ಲೇ ಫೋನ್ ಮಾಡಿ ಕೇಳುತ್ತಾರೆ: "ಅಕ್ಕಾ, ಬಿಳಿ ಅಂಗಿ, ಟೈ ಹಾಕಿಕೊಂಡು ಇಬ್ಬರು ಹುಡುಗರು ಬಾಗಿಲಿಗೆ ಬಂದಿದ್ದರು. ಯಾರವರು?"

ನಾನು ಅವರ ಚರ್ಚಿನವಳಲ್ಲ. ಬೆಳಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಕಾಫಿ ಕುಡಿಯುವವಳು. ಆದರೆ ನಮ್ಮ ಪಕ್ಕದ ಮನೆಯ ಹುಡುಗ 2022ರಲ್ಲಿ, ಹದಿನೆಂಟು ತುಂಬಿದ ಕೂಡಲೇ, ಮಿಷನ್‌ಗೆ ಅಂತ, ಅಂದರೆ ತಮ್ಮ ಧರ್ಮ ಪ್ರಚಾರದ ಸೇವೆಗೆ, ಜಪಾನಿಗೆ ಹೋದ. ಎರಡು ವರ್ಷ ಅಲ್ಲಿದ್ದು ಬಂದ. ಅವನ ತಾಯಿಯ ಜೊತೆ ಆ ತಿಂಗಳುಗಳನ್ನು ನಾನೂ ಎಣಿಸಿದ್ದೇನೆ. ಇಲ್ಲಿ ಬರೆದಿರುವುದರಲ್ಲಿ ಅರ್ಧ ಆ ಮನೆಯ ಅಡುಗೆಮನೆಯಲ್ಲಿ ಕೂತು ಕೇಳಿದ್ದು, ಇನ್ನರ್ಧ ಅವನು ಬಂದ ಮೇಲೆ ಹೇಳಿದ್ದು.

ಇವರು ಯಾರು? ಮಾರ್ಮನ್ ಅನ್ನಬಹುದಾ?

ಜೋಸೆಫ್ ಸ್ಮಿತ್ ಎಂಬವರು 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದ ಚರ್ಚಿನವರು. ಬೈಬಲ್ ಜೊತೆಗೆ 'ಬುಕ್ ಆಫ್ ಮಾರ್ಮನ್' ಎಂಬ ಗ್ರಂಥವನ್ನೂ ನಂಬುತ್ತಾರೆ. ಆ ಹೆಸರು ಬಂದದ್ದು ಅದರಿಂದ. ಈಗ ಮುಖ್ಯ ಕಚೇರಿ ಇರುವುದು ನಮ್ಮ ಹತ್ತಿರದ ಸಾಲ್ಟ್ ಲೇಕ್ ಸಿಟಿಯಲ್ಲಿ. 2018ರಲ್ಲಿ ಅವರ ಆಗಿನ ಅಧ್ಯಕ್ಷರು ರಸೆಲ್ ನೆಲ್ಸನ್, 'ಮಾರ್ಮನ್' ಬೇಡ, ಚರ್ಚಿನ ಪೂರ್ತಿ ಹೆಸರನ್ನೇ ಹೇಳಿ ಅಂತ ಕೇಳಿಕೊಂಡರು. ಪೂರ್ತಿ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ಬಾಯಿ ತಪ್ಪಿ ಮಾರ್ಮನ್ ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಆದರೂ ಒಬ್ಬರು ತಮ್ಮನ್ನು ಹೀಗೆ ಕರೆಯಿರಿ ಅಂದ ಮೇಲೆ ಹಾಗೆ ಕರೆಯುವುದೇ ಚೆಂದ, ಅಲ್ವಾ.

ಇವರಿಗೆ ಇಬ್ಬರು ಮೂವರು ಹೆಂಡತಿಯರಂತೆ, ನಿಜವಾ?

ಅಲ್ಲ. ಹಿಂದೆ ಆ ಪದ್ಧತಿ ಇತ್ತು. ಈ ಚರ್ಚು 1890ರಲ್ಲೇ ಅದನ್ನು ನಿಲ್ಲಿಸುವುದಾಗಿ ಸಾರಿತು. ಈಗ ಹಾಗೆ ಮದುವೆಯಾದರೆ ಚರ್ಚಿನಿಂದ ಹೊರಗೆ ಹಾಕುತ್ತಾರೆ.

ಎದೆಯ ಮೇಲೆ 'ಎಲ್ಡರ್' ಅಂತ ಇರುತ್ತದೆ. ಮೀಸೆಯೇ ಬಂದಿರುವುದಿಲ್ಲ, ಎಂಥ ಹಿರಿಯರು?

ಅದು ವಯಸ್ಸಿನ ಮಾತಲ್ಲ, ಚರ್ಚಿನಲ್ಲಿ ಕೊಡುವ ಒಂದು ಪದವಿ. ಹುಡುಗರಿಗೆ 'ಎಲ್ಡರ್', ಹುಡುಗಿಯರಿಗೆ 'ಸಿಸ್ಟರ್', ಮುಂದೆ ಮನೆತನದ ಹೆಸರು. ಮಿಷನ್ನಿನಲ್ಲಿ ಇರುವಷ್ಟು ದಿನ ಯಾರೂ ಅವರನ್ನು ಸ್ವಂತ ಹೆಸರಿನಿಂದ ಕರೆಯುವುದಿಲ್ಲ, ಒಂದೇ ರೂಮಿನಲ್ಲಿ ಇರುವ ಜೊತೆಗಾರನೂ ಕರೆಯುವುದಿಲ್ಲ. ನಮ್ಮ ಪಕ್ಕದ ಮನೆಯ ಹುಡುಗನ ಕಪ್ಪು ಬಿಲ್ಲೆಯ ಮೇಲೆ ಎಲ್ಲವೂ ಜಪಾನಿ ಲಿಪಿಯಲ್ಲಿ ಇತ್ತು. ಅಲ್ಲಿ ಎಲ್ಡರ್‌ಗೆ 'ಚೋರೋ' ಅನ್ನುತ್ತಾರೆ. ಅವನ ತಾಯಿ ಒಂದು ಸಲ ಹೇಳಿದಳು: "ಅವನ ಹೆಸರು ಹಿಡಿದು ಕೂಗುವವಳು ಈ ಪ್ರಪಂಚದಲ್ಲಿ ಈಗ ನಾನೊಬ್ಬಳೇ, ಅದೂ ವಾರಕ್ಕೊಂದು ಸಲ."

ಎಲ್ಲರೂ ಹೋಗಲೇಬೇಕಾ? ಯಾವ ವಯಸ್ಸಿಗೆ?

ಹುಡುಗರಿಗೆ ಇದು ಕರ್ತವ್ಯ ಅಂತ ಚಿಕ್ಕಂದಿನಿಂದ ಹೇಳಿಕೊಡುತ್ತಾರೆ. ಹುಡುಗಿಯರಿಗೆ ಇಷ್ಟವಿದ್ದರೆ ಮಾತ್ರ. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ಮೊದಲು ಹುಡುಗರು 19ಕ್ಕೆ, ಹುಡುಗಿಯರು 21ಕ್ಕೆ ಹೋಗುತ್ತಿದ್ದರು. 2012ರ ಅಕ್ಟೋಬರ್‌ನಲ್ಲಿ ಅದನ್ನು 18 ಮತ್ತು 19ಕ್ಕೆ ಇಳಿಸಿದರು. 2025ರಲ್ಲಿ ಹುಡುಗಿಯರಿಗೂ 18 ಮಾಡಿದರು. 2024ರ ಕೊನೆಗೆ ಪ್ರಪಂಚದಲ್ಲಿ ಇಂಥವರು 74,000ಕ್ಕೂ ಜಾಸ್ತಿ ಇದ್ದರು.

ಕರ್ತವ್ಯ ಅಂದರೂ ಕೈ ಹಿಡಿದು ಎಳೆದುಕೊಂಡು ಹೋಗುವುದಿಲ್ಲ. ಹೋಗದೆ ಉಳಿದವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಲೀಹೈಯಂಥ ಊರಿನಲ್ಲಿ ಹೋಗದ ಹುಡುಗನಿಗೆ "ಯಾವಾಗ ಹೊರಡ್ತೀಯ?" ಅನ್ನುವ ಪ್ರಶ್ನೆ ತಪ್ಪಿದ್ದಲ್ಲ. ನಮ್ಮಲ್ಲಿ ಓದು ಮುಗಿಸಿದ ಹುಡುಗಿಗೆ ಮದುವೆ ಯಾವಾಗ ಅಂತ ಕೇಳುತ್ತಾರಲ್ಲ, ಹಾಗೆ. ಕೇಳುವವರಿಗೆ ಅದು ಸುಮ್ನೆ ಒಂದು ಮಾತು. ಕೇಳಿಸಿಕೊಳ್ಳುವವರಿಗೆ ಅಲ್ಲ.

ಯಾವ ದೇಶಕ್ಕೆ ಅಂತ ಅವರೇ ಆರಿಸಿಕೊಳ್ಳುತ್ತಾರಾ?

ಇಲ್ಲ. ಅರ್ಜಿ ಹಾಕಬೇಕು, ವೈದ್ಯರಿಂದ ತಪಾಸಣೆ ಮಾಡಿಸಬೇಕು, ಅಷ್ಟೆ. ಊರನ್ನು ಸಾಲ್ಟ್ ಲೇಕ್ ಸಿಟಿಯಲ್ಲಿ ಚರ್ಚಿನ ಹಿರಿಯರು ಪ್ರಾರ್ಥನೆ ಮಾಡಿ ಗೊತ್ತು ಮಾಡುತ್ತಾರೆ ಎಂಬುದು ಅವರ ನಂಬಿಕೆ. ಕೆಲವು ವರ್ಷದ ಹಿಂದಿನವರೆಗೆ ದಪ್ಪ ಬಿಳಿ ಲಕೋಟೆ ಅಂಚೆಯಲ್ಲಿ ಬರುತ್ತಿತ್ತು. ಈಗ ಇಮೇಲ್ ಬರುತ್ತದೆ.

ಅದನ್ನು ಓದುವ ದಿನ ಮನೆಯಲ್ಲಿ ಹಬ್ಬ. ನಮ್ಮನ್ನೂ ಕರೆದಿದ್ದರು. ಗೋಡೆಗೆ ಪ್ರಪಂಚದ ನಕ್ಷೆ ಅಂಟಿಸಿದ್ದರು. ಬಂದವರೆಲ್ಲ ತಾವು ಊಹಿಸಿದ ಊರಿನ ಮೇಲೆ ಒಂದೊಂದು ಗುಂಡುಪಿನ್ನು ಚುಚ್ಚಬೇಕು. ನಾನು ಅಭಿಮಾನ ಬಿಡದೆ ಬೆಂಗಳೂರಿಗೆ ಚುಚ್ಚಿದೆ. ಹುಡುಗ ನಿಂತುಕೊಂಡು ಓದಿದ. "ಜಪಾನ್ ಸಪ್ಪೊರೊ ಮಿಷನ್" ಅಂದಾಗ ಮನೆಯೇ ಕಿರುಚಿತು. ತಾಯಿ ಮಾತ್ರ ನಕ್ಷೆಯ ಹತ್ತಿರ ಹೋಗಿ, ಲೀಹೈಯಿಂದ ಸಪ್ಪೊರೊವರೆಗೆ ಗೇಣು ಹಾಕಿ ಅಳೆದಳು. ಎರಡು ಗೇಣು ಮತ್ತು ಸ್ವಲ್ಪ.

ಖರ್ಚು ಯಾರದು? ಸಂಬಳ ಇದೆಯಾ?

ಸಂಬಳ ಒಂದು ಪೈಸೆಯೂ ಇಲ್ಲ. ಅಮೆರಿಕದ ಮನೆಯವರು ತಿಂಗಳಿಗೆ 400 ಡಾಲರ್ ಕಟ್ಟುತ್ತಾರೆ. 24 ತಿಂಗಳಿಗೆ 9,600 ಡಾಲರ್. ಟೋಕಿಯೋಗೆ ಹೋದರೂ ಹಳ್ಳಿಗೆ ಹೋದರೂ ಅಷ್ಟೇ. ಎಲ್ಲರ ದುಡ್ಡನ್ನೂ ಒಂದು ಕಡೆ ಸೇರಿಸಿ ಅಲ್ಲಿಂದ ಬಾಡಿಗೆ, ಊಟ, ಬಸ್ಸಿನ ಖರ್ಚು ಕೊಡುತ್ತಾರೆ. ಬಡ ದೇಶದ ಹುಡುಗರಿಗೆ ಚರ್ಚಿನ ನಿಧಿಯಿಂದ ನೆರವು ಸಿಗುತ್ತದೆ.

ನಮ್ಮ ಹುಡುಗ ಹನ್ನೆರಡನೇ ವಯಸ್ಸಿನಿಂದ ಬೀದಿಯ ಮನೆಗಳ ಹುಲ್ಲು ಕತ್ತರಿಸಿ ದುಡ್ಡು ಕೂಡಿಟ್ಟಿದ್ದ. ನಮ್ಮ ಮನೆಯದೂ ಅವನೇ ಕತ್ತರಿಸುತ್ತಿದ್ದ. ನಾನು ಕೊಟ್ಟ ಹತ್ತು ಹತ್ತು ಡಾಲರ್ ಎಲ್ಲಿಗೆ ಹೋಯಿತು ಅಂತ ಆಮೇಲೆ ಗೊತ್ತಾಯಿತು.

ಜಪಾನಿ ಭಾಷೆ ಬರದೆ ಹೇಗೆ ಹೋದ?

ಇದಕ್ಕೆ ತರಬೇತಿ ಕೇಂದ್ರಗಳಿವೆ. ದೊಡ್ಡದು ಇರುವುದು ಪ್ರೊವೊದಲ್ಲಿ. ಜಪಾನಿಯಂಥ ಕಷ್ಟದ ಭಾಷೆಗೆ ಸುಮಾರು 9 ವಾರ. ಬೆಳಗಿನಿಂದ ರಾತ್ರಿಯವರೆಗೆ ಪಾಠ. ಬೇಗನೆ, ಹೊಸ ಭಾಷೆಯಲ್ಲೇ ಪ್ರಾರ್ಥನೆ, ಹೊಸ ಭಾಷೆಯಲ್ಲೇ ಮಾತು ಶುರು ಮಾಡಿಸುತ್ತಾರೆ. ತಪ್ಪಿದರೂ ಪರವಾಗಿಲ್ಲ, ಬಾಯಿ ತೆರೆಯಬೇಕು.

ಪ್ರೊವೊ ನಮ್ಮ ಊರಿನಿಂದ ಅರ್ಧ ಗಂಟೆ ದಾರಿ. ಆದರೂ ಅಲ್ಲಿ ಸೇರಿದ ಮೇಲೆ ಮನೆಗೆ ಬರುವ ಹಾಗಿಲ್ಲ, ಮನೆಯವರು ಹೋಗಿ ನೋಡುವ ಹಾಗೂ ಇಲ್ಲ. ತಾಯಿ ಬಿಡಲು ಹೋದಾಗ ಕಾರು ನಿಂತದ್ದು ಐದೇ ನಿಮಿಷ. ಅವನು ಡಿಕ್ಕಿಯಿಂದ ಎರಡು ಸೂಟ್‌ಕೇಸ್ ಇಳಿಸಿಕೊಂಡ, ಅಪ್ಪಿಕೊಂಡ, ಹೋದ. ನಮ್ಮ ಕಡೆ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಇದಕ್ಕಿಂತ ಜಾಸ್ತಿ ಹೊತ್ತು ಅಳಲು ಬಿಡುತ್ತಾರೆ.

ಒಂಬತ್ತು ವಾರ ಕಲಿತು ಸಪ್ಪೊರೊದಲ್ಲಿ ಇಳಿದಾಗ ಒಂದು ಅಕ್ಷರವೂ ಅರ್ಥವಾಗಲಿಲ್ಲವಂತೆ. ಅಂಗಡಿಯವನು ಕೈಚೀಲ ಬೇಕಾ ಅಂತ ಕೇಳಿದ್ದಕ್ಕೆ ಇವನು ತನ್ನ ಹೆಸರು ಹೇಳಿದ. ಆರು ತಿಂಗಳಿಗೆ ಕಿವಿ ತೆರೆಯಿತು. ಒಂದು ವರ್ಷಕ್ಕೆ ಕನಸೂ ಜಪಾನಿಯಲ್ಲಿ ಬೀಳಲು ಶುರುವಾಯಿತು ಅನ್ನುತ್ತಾನೆ.

ಒಂದು ದಿನ ಹೇಗಿರುತ್ತದೆ?

ಬೆಳಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಒಬ್ಬನೇ ಕೂತು ಓದುವುದು, ಜೊತೆಗಾರನೊಂದಿಗೆ ಓದುವುದು, ಭಾಷೆ ಕಲಿಯುವುದು. ಹತ್ತರ ಹೊತ್ತಿಗೆ ಹೊರಗೆ. ರಾತ್ರಿ ಒಂಬತ್ತಕ್ಕೆ ವಾಪಸು, ಹತ್ತೂವರೆಗೆ ದೀಪ ಆರಬೇಕು. 2017ರಿಂದ ಆಯಾ ಊರಿಗೆ ತಕ್ಕಂತೆ ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಲು ಬಿಟ್ಟಿದ್ದಾರೆ.

ಆ ಹತ್ತರಿಂದ ಒಂಬತ್ತರ ನಡುವಿನದೇ ನಿಜವಾದ ಕೆಲಸ. ಬೀದಿಯಲ್ಲಿ ಜನರನ್ನು ಮಾತಾಡಿಸಬೇಕು, ಬಾಗಿಲು ತಟ್ಟಬೇಕು. ಕೇಳುತ್ತೇನೆ ಅಂದವರ ಮನೆಗೆ ಹೋಗಿ ಪಾಠ ಹೇಳಬೇಕು. ವಾರಕ್ಕೊಂದು ದಿನ ಚರ್ಚಿನಲ್ಲಿ ಪುಕ್ಕಟೆ ಇಂಗ್ಲಿಷ್ ತರಗತಿ. ಜಪಾನಿನಲ್ಲಿ ಅದಕ್ಕೆ 'ಏಕೈವಾ' ಅನ್ನುತ್ತಾರೆ. ಧರ್ಮ ಬೇಡ, ಇಂಗ್ಲಿಷ್ ಸಾಕು ಅಂತ ಬರುವ ಮುದುಕರೇ ಜಾಸ್ತಿಯಂತೆ. ಅವರನ್ನು ನೆನೆದರೆ ಈಗಲೂ ಅವನ ಮುಖ ಅರಳುತ್ತದೆ.

ಬೇಸಿಗೆಯಲ್ಲಿ ಸೈಕಲ್. ಚಳಿಗಾಲದಲ್ಲಿ ಕಾಲೇ ಗತಿ. ಸಪ್ಪೊರೊದಲ್ಲಿ ಒಂದು ಚಳಿಗಾಲಕ್ಕೆ ಒಟ್ಟು ಸುಮಾರು 5 ಮೀಟರ್ ಹಿಮ ಬೀಳುತ್ತದೆ. ಅವನು ಎರಡನೇ ಚಳಿಗಾಲ ಕಳೆದದ್ದು ಅಸಾಹಿಕಾವಾದಲ್ಲಿ. ಜಪಾನಿನಲ್ಲಿ ದಾಖಲಾದ ಅತಿ ಹೆಚ್ಚಿನ ಚಳಿ ಆ ಊರಿನದೇ. 1902ರಲ್ಲಿ ಸೊನ್ನೆಗಿಂತ 41 ಡಿಗ್ರಿ ಕೆಳಗೆ ಇಳಿದಿತ್ತು. ಬಂದ ಮೇಲೆ ಅವನು ತನ್ನ ಬೂಟು ತೋರಿಸಿದ. ಹಿಮ್ಮಡಿಯ ಕಡೆ ಅಟ್ಟೆ ಕಾಗದದಷ್ಟು ತೆಳ್ಳಗಾಗಿತ್ತು. ಒಳಗೆ ಪ್ಲಾಸ್ಟಿಕ್ ಚೀಲ ಮಡಿಸಿ ಇಟ್ಟದ್ದು ಹಾಗೇ ಇತ್ತು, ನೀರು ಬರದಿರಲಿ ಅಂತ.

ಯಾವಾಗಲೂ ಇಬ್ಬಿಬ್ಬರೇ ಯಾಕೆ?

ನಿಯಮ. ಸ್ನಾನ, ಶೌಚ ಬಿಟ್ಟರೆ ಜೊತೆಗಾರನ ಕಣ್ಣು ತಪ್ಪಿಸಿ ಎಲ್ಲಿಗೂ ಹೋಗುವ ಹಾಗಿಲ್ಲ. ಇಂಗ್ಲಿಷಿನಲ್ಲಿ 'ಕಂಪ್ಯಾನಿಯನ್', ಜಪಾನಿನಲ್ಲಿ 'ದೋರ್ಯೋ'. ಯಾರು ಯಾರಿಗೆ ಜೊತೆ ಅನ್ನುವುದನ್ನು ಮಿಷನ್ ಅಧ್ಯಕ್ಷರು, ಅಂದರೆ ಆ ಪ್ರದೇಶದ ಮಿಷನ್ ನೋಡಿಕೊಳ್ಳುವ ಹಿರಿಯರು, ನಿರ್ಧರಿಸುತ್ತಾರೆ. ಆರು ವಾರಕ್ಕೊಮ್ಮೆ ಬದಲಾವಣೆಯ ಸುದ್ದಿ ಬರುತ್ತದೆ. ಜೊತೆಗಾರ ಬದಲಾಗಬಹುದು, ಊರು ಬದಲಾಗಬಹುದು, ಎರಡೂ ಇದ್ದ ಹಾಗೇ ಇರಬಹುದು.

ನನ್ನ ಕೇಳಿದರೆ ಇಡೀ ಮಿಷನ್ನಿನಲ್ಲಿ ಕಷ್ಟದ್ದು ಚಳಿಯಲ್ಲ, ಇದು. ಹದಿನೆಂಟು ವರ್ಷದ ಹುಡುಗ, ಗುರುತು ಪರಿಚಯ ಇಲ್ಲದ ಇನ್ನೊಬ್ಬ ಹುಡುಗನ ಜೊತೆ ಇಪ್ಪತ್ನಾಲ್ಕು ಗಂಟೆ ಇರಬೇಕು. ಒಬ್ಬ ಪಾತ್ರೆ ತೊಳೆಯುವುದಿಲ್ಲ. ಇನ್ನೊಬ್ಬ ಮಾತೇ ಆಡುವುದಿಲ್ಲ. ನಮ್ಮ ಹುಡುಗನಿಗೂ ಒಬ್ಬನ ಜೊತೆ ಹೊಂದಲಿಲ್ಲ, ಆರು ವಾರ ಹಲ್ಲು ಕಚ್ಚಿ ಕಳೆದ. ಅದೇ ಹುಡುಗ, ಇವನಿಗೆ ಜ್ವರ ಬಂದು ಮೂರು ದಿನ ಮಲಗಿದಾಗ, 'ಒಕಾಯು' ಬೇಯಿಸಿ ಕೊಟ್ಟ. ಒಕಾಯು ಅಂದರೆ ನಮ್ಮ ಗಂಜಿಯೇ. ಈಗ ಅವರಿಬ್ಬರೂ ವಾರಕ್ಕೊಮ್ಮೆ ಫೋನ್ ಮಾಡಿಕೊಳ್ಳುತ್ತಾರೆ.

ಸಿನಿಮಾ, ಟೀವಿ, ಹುಡುಗಿಯರು?

ಮೂರೂ ಇಲ್ಲ. ಫೋನ್ ಇರುತ್ತದೆ, ಕೆಲಸಕ್ಕೆ ಬೇಕಾದಷ್ಟು ಮಾತ್ರ.

ಮನೆಯವರ ಜೊತೆ ಮಾತಾಡಬಹುದಾ?

ಈಗ ವಾರಕ್ಕೊಮ್ಮೆ ಆಗಬಹುದು. ವಾರದಲ್ಲಿ ಒಂದು ದಿನ 'ಪಿ-ಡೇ' ಅಂತ ಬಿಡುವು. ಬಟ್ಟೆ ಒಗೆಯುವುದು, ಸಾಮಾನು ತರುವುದು, ಕ್ಷೌರ, ಸ್ವಲ್ಪ ಊರು ನೋಡುವುದು, ಮನೆಗೆ ಫೋನ್, ಎಲ್ಲ ಅವತ್ತೇ. 2019ರ ಫೆಬ್ರವರಿಗಿಂತ ಮುಂಚೆ ವಾರಕ್ಕೊಂದು ಇಮೇಲ್ ಮಾತ್ರ. ಮಾತಾಡಲು ವರ್ಷಕ್ಕೆ ಎರಡೇ ದಿನ, ಕ್ರಿಸ್‌ಮಸ್ ಮತ್ತು ಅಮ್ಮಂದಿರ ದಿನ. ಈ ಹುಡುಗನ ತಂದೆ ತೊಂಬತ್ತರ ದಶಕದಲ್ಲಿ ಬ್ರೆಜಿಲ್‌ಗೆ ಹೋಗಿದ್ದವರು. ಅವರ ಕಾಲದಲ್ಲಿ ಕಾಗದ. ಆ ಕಾಗದಗಳ ಕಟ್ಟು ಅಜ್ಜಿಯ ಮನೆಯಲ್ಲಿ ಬೂಟಿನ ಡಬ್ಬದಲ್ಲಿ ಈಗಲೂ ಇದೆ.

ಜಪಾನಿನಲ್ಲಿ ಸೋಮವಾರ ಬೆಳಗ್ಗೆ ಒಂಬತ್ತಾದಾಗ, ಚಳಿಗಾಲದಲ್ಲಿ ಇಲ್ಲಿ ಭಾನುವಾರ ಸಂಜೆ ಐದು. ಆ ಹೊತ್ತಿಗೆ ಪಕ್ಕದ ಮನೆಯಲ್ಲಿ ಎಲ್ಲ ನಿಲ್ಲುತ್ತಿತ್ತು. ಅಡುಗೆ ಒಲೆಯ ಮೇಲೆ ಇದ್ದರೆ ಆರಿಸಿ ಬರುತ್ತಿದ್ದರು. ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ, ಅವನು ಕೂರುತ್ತಿದ್ದ ಕುರ್ಚಿಯ ಎದುರಿಗೆ ಇಡುತ್ತಿದ್ದರು. ಬೇಕಾಗಿ ಹಾಗೆ ಮಾಡಿದ್ದೋ, ಸುಮ್ನೆ ಆದದ್ದೋ, ನಾನು ಕೇಳಲಿಲ್ಲ.

ಮನೆಯಲ್ಲಿ ಸಾವು ನೋವು ಆದರೆ?

ಹೆಚ್ಚಿನವರು ಅಲ್ಲೇ ಉಳಿಯುತ್ತಾರೆ. ಮನೆಯವರೂ ಮಿಷನ್ ಅಧ್ಯಕ್ಷರೂ ಮಾತಾಡಿ ತೀರ್ಮಾನ ಮಾಡುತ್ತಾರೆ. ನಮ್ಮ ಹುಡುಗನ ಅಜ್ಜ ಎರಡನೇ ಚಳಿಗಾಲದಲ್ಲಿ ತೀರಿಕೊಂಡರು. ಅವನು ಬರಲಿಲ್ಲ. "ನಾನು ತೀರಿಕೊಂಡರೂ ನೀನು ಬರಬೇಡ, ಕೆಲಸ ಮುಗಿಸಿ ಬಾ" ಅಂತ ಅಜ್ಜನೇ ಹೇಳಿದ್ದರಂತೆ.

ನಮಗೆ ಇದು ಜೀರ್ಣವಾಗುವುದು ಕಷ್ಟ. ಅಜ್ಜನಿಗೆ ಹೆಗಲು ಕೊಡಲು ಮೊಮ್ಮಗ ಎಲ್ಲಿದ್ದರೂ ಬರಬೇಕು ಅನ್ನುವವರು ನಾವು. ನಾನು ಅವನ ತಾಯಿಯ ಹತ್ತಿರ ನೇರವಾಗಿ ಕೇಳಿದೆ, ನಿನಗೆ ಬೇಸರ ಆಗಲಿಲ್ಲವಾ ಅಂತ. "ಆಯಿತು. ಈಗಲೂ ಇದೆ" ಅಂದಳು. ಸತ್ತ ಮೇಲೂ ಕುಟುಂಬ ಒಂದಾಗಿ ಇರುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಅದನ್ನೇ ಹಿಡಿದುಕೊಂಡು ನಿಂತಿದ್ದಳು.

ಮಧ್ಯದಲ್ಲೇ ವಾಪಸು ಬಂದರೆ?

ಬರುತ್ತಾರೆ. ಕಾಯಿಲೆಗೆ, ಮನಸ್ಸು ಕುಗ್ಗಿದ್ದಕ್ಕೆ, ಇದು ನನಗಲ್ಲ ಅನಿಸಿದ್ದಕ್ಕೆ. ಈಗ ಮನಸ್ಸಿನ ತೊಂದರೆಗೆ ಆಪ್ತಸಲಹೆ ಸಿಗುತ್ತದೆ. ಮನೆಯಲ್ಲೇ ಇದ್ದುಕೊಂಡು ಊರಿನ ಆಹಾರ ಭಂಡಾರದಂಥ ಕಡೆ ಸೇವೆ ಮಾಡುವ ದಾರಿಯೂ ಇದೆ. ನಮ್ಮ ಬೀದಿಯ ಇನ್ನೊಬ್ಬ ಹುಡುಗ ಐದೇ ತಿಂಗಳಿಗೆ ಬಂದ. ಜನ ಕೆಟ್ಟದ್ದೇನೂ ಆಡಲಿಲ್ಲ, ಆದರೆ ಅವನ ಮುಂದೆ ಮಾತು ನಿಲ್ಲಿಸುತ್ತಿದ್ದರು. ಅದು ನನಗೆ ಸರಿ ಕಾಣಲಿಲ್ಲ. ಹೊರಡುವಾಗ ಬೀದಿಯವರೆಲ್ಲ ಬಂದು ಕೈ ಬೀಸಿದ್ದೆವು. ಐದು ತಿಂಗಳು ಅಂದರೂ ಐದು ತಿಂಗಳೇ. ನೀವು ಇಲ್ಲಿ ಮನೆ ಮಾಡಿದರೆ ಇಂಥ ಹುಡುಗರನ್ನು "ಯಾಕೆ ಬಂದೆ" ಅಂತ ಕೇಳಬೇಡಿ. ಊಟ ಆಯ್ತಾ ಅಂತ ಕೇಳಿ.

ಬಾಗಿಲು ತಟ್ಟಿದರೆ ನಿಜವಾಗಿ ಯಾರಾದರೂ ಸೇರುತ್ತಾರಾ?

ಕಡಿಮೆ. ಜಪಾನಿನಲ್ಲಂತೂ ತುಂಬಾ ಕಡಿಮೆ. ಎರಡು ವರ್ಷದಲ್ಲಿ ಅವನು ಪಾಠ ಹೇಳಿದವರಲ್ಲಿ ದೀಕ್ಷಾಸ್ನಾನ ಪಡೆದವರು ಇಬ್ಬರು. ಎಷ್ಟೋ ದಿನ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ.

ಅಸಾಹಿಕಾವಾದಲ್ಲಿ ಒಬ್ಬ ಅಜ್ಜಿ ಇದ್ದರಂತೆ. ಧರ್ಮದ ಮಾತು ಬೇಡ ಅಂತ ಮೊದಲ ದಿನವೇ ಹೇಳಿದರು. ಇವರು ಸರಿ ಅಂದು, ಅಂಗಳದ ಹಿಮ ಎತ್ತಿ ಹಾಕಿ ಬಂದರು. ಮುಂದಿನ ವಾರವೂ ಹೋದರು. ಇಡೀ ಚಳಿಗಾಲ ಹಾಗೇ ನಡೆಯಿತು. ಪ್ರತಿ ಸಲವೂ ಅಜ್ಜಿ ಕಿತ್ತಳೆ ಕೊಡುತ್ತಿದ್ದರು, ಒಬ್ಬೊಬ್ಬರಿಗೆ ಎರಡೆರಡು. ಊರು ಬದಲಾದ ಸುದ್ದಿ ಹೇಳಲು ಹೋದ ದಿನ, ಇವರು ಬೀದಿಯ ತಿರುವು ದಾಟುವವರೆಗೂ ಅಜ್ಜಿ ಬಾಗಿಲಲ್ಲಿ ಬಗ್ಗಿ ನಿಂತಿದ್ದರು. ಧರ್ಮದ ಪುಸ್ತಕ ಅವರು ಕೊನೆಗೂ ತೆಗೆದುಕೊಳ್ಳಲಿಲ್ಲ. ಮಿಷನ್ ಹೇಗಿತ್ತು ಅಂತ ಯಾರು ಕೇಳಿದರೂ ಅವನು ಮೊದಲು ಹೇಳುವುದು ಈ ಅಜ್ಜಿಯ ಕಥೆ.

ಬೆಂಗಳೂರಿನಲ್ಲೂ ಇವರು ಇದ್ದಾರಾ?

ಇದ್ದಾರೆ. ಕಲ್ಕತ್ತ, ಮುಂಬಯಿ ಕಡೆಗೆ ಇವರ ಪ್ರಚಾರಕರು 1850ರ ದಶಕದಲ್ಲೇ ಬಂದಿದ್ದರು, ಆದರೆ ಆಗ ಬೇರೂರಲಿಲ್ಲ. ಬೆಂಗಳೂರನ್ನು ಕೇಂದ್ರ ಮಾಡಿಕೊಂಡ ಮಿಷನ್ 1993ರಲ್ಲಿ ಶುರುವಾಯಿತು. ಅಲ್ಲೊಂದು ದೇವಾಲಯ ಕಟ್ಟುತ್ತೇವೆ ಅಂತ 2018ರಲ್ಲಿ ಸಾರಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂಥ ಕಾರ್ಯಕ್ರಮ ಮಾಡಿದರು. ನಮ್ಮಲ್ಲಿ ಇಲ್ಲಿನ ಹಾಗೆ ಮನೆಮನೆ ಬಾಗಿಲು ತಟ್ಟುವುದಿಲ್ಲ. ನಮ್ಮ ದೇಶದ ಹುಡುಗ ಹುಡುಗಿಯರೂ ಮಿಷನ್‌ಗೆ ಹೋಗುತ್ತಾರೆ. ಕೆಲವರ ಮನೆಯಲ್ಲಿ ತಂದೆ ತಾಯಿ ಬೇರೆ ಧರ್ಮದವರೇ ಆಗಿರುತ್ತಾರೆ. ಅಂಥ ಮಕ್ಕಳಿಗೆ ಕೈ ಬೀಸಲು ಬೀದಿಯೂ ಇರುವುದಿಲ್ಲ, ನಕ್ಷೆಯೂ ಇರುವುದಿಲ್ಲ. ಅವರನ್ನು ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ನಮ್ಮ ಬಾಗಿಲಿಗೆ ಬಂದರೆ ಏನು ಮಾಡಬೇಕು?

ಇಷ್ಟವಿಲ್ಲದಿದ್ದರೆ "ಬೇಡ, ನಮಗೆ ನಮ್ಮ ಧರ್ಮ ಇದೆ" ಅಂತ ನಗುಮುಖದಲ್ಲಿ ಹೇಳಿ. ಅಷ್ಟು ಸಾಕು. ದಿನವಿಡೀ ಅದನ್ನೇ ಕೇಳಿಸಿಕೊಳ್ಳುವವರು, ಬೇಸರ ಮಾಡಿಕೊಳ್ಳುವುದಿಲ್ಲ. ಕದವನ್ನು ಮಾತ್ರ ಮುಖಕ್ಕೆ ಬಡಿಯಬೇಡಿ. ನಿಮ್ಮ ಮಗ ಹದಿನೆಂಟಕ್ಕೆ ಎಲ್ಲೋ ದೂರದ ಊರಿನಲ್ಲಿ ಯಾರದೋ ಬಾಗಿಲ ಮುಂದೆ ನಿಂತಿದ್ದಾನೆ ಅಂದುಕೊಳ್ಳಿ.

ಮನೆಯಲ್ಲಿ ಹೆಂಗಸರು ಮಾತ್ರ ಇದ್ದರೆ ಹುಡುಗರು ಒಳಗೆ ಬರುವುದಿಲ್ಲ. ಅದು ಅವರ ನಿಯಮ. ಕರೆದು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ, ನೀರನ್ನು ಹೊರಗೇ ತಂದು ಕೊಡಿ. ಕಾಫಿ, ಚಹಾ, ಮದ್ಯ, ತಂಬಾಕು ಮುಟ್ಟುವುದಿಲ್ಲ. 1833ರಿಂದ ಅವರಲ್ಲಿ ಇರುವ ಕಟ್ಟಳೆ. ಜಪಾನಿನಲ್ಲಿ ಹಸಿರು ಚಹಾ ಕೂಡ ಬೇಡ ಅನ್ನಬೇಕು, ಬಾರ್ಲಿ ಹುರಿದು ಕಾಯಿಸಿದ 'ಮುಗಿಚಾ' ಆಗುತ್ತದೆ. ನಮ್ಮ ಮನೆಯಲ್ಲಾದರೆ ಮಜ್ಜಿಗೆ, ಪಾನಕ.

ಊಟಕ್ಕೆ ಕರೆಯಬಹುದಾ?

ಖಂಡಿತ. ಧರ್ಮದ ಮಾತು ಬೇಡ, ಊಟ ಮಾತ್ರ ಅಂದರೂ ಬರುತ್ತಾರೆ. ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿ ಇರುವ ಹೊತ್ತು ನೋಡಿ ಕರೆಯಿರಿ. ತಿಂಗಳ ಮೊದಲ ಭಾನುವಾರ ಬೇಡ, ಅವತ್ತು ಉಪವಾಸ ಇರುತ್ತಾರೆ. ಬೇಗ ಬಡಿಸಿ, ಒಂಬತ್ತರೊಳಗೆ ಅವರು ರೂಮಿಗೆ ಸೇರಬೇಕು. ಖಾರ ಅರ್ಧಕ್ಕೆ ಇಳಿಸಿ. ನಾನು ಅನ್ನ, ತಿಳಿಸಾರು, ಆಲೂಗಡ್ಡೆ ಪಲ್ಯ, ಮೊಸರು, ಹಪ್ಪಳ ಮಾಡುತ್ತೇನೆ. ಕೈಯಲ್ಲಿ ಕಲಸುವುದನ್ನು ನಿಮ್ಮನ್ನು ನೋಡಿಯೇ ಕಲಿಯುತ್ತಾರೆ. ಹಪ್ಪಳ ಮಾತ್ರ ಜಾಸ್ತಿ ಕರಿದಿಟ್ಟುಕೊಳ್ಳಿ, ತಲೆಗೆ ಎರಡು ಏನೂ ಸಾಲದು.